ಡಬ್ಬಿಯ ಮಾಳಿಗೆ ಕೆರೆದದ್ದು

ಬೆಳಿಗ್ಗೆ ಎದ್ದು ಅಂಗಳ ಕಸ ಹೊಡೆದೆ. ಎಮ್ಮೆಗೆ ಕಣಿಕೆ ಹಾಕಿದೆ. ಹಾಲು ಕಾಸಿ ಹೆಪ್ಪು ಹಾಕಿದೆ. ರಾತ್ರಿ ನೆನೆಸಿದ್ದ ಮಡಕಿಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆಗೆ ಇಟ್ಟೆ. ಗಿರಣಿಗೆ ಜೋಳ ಒಯ್ದೆ. ಕರೆಂಟು ಇರಲಿಲ್ಲ, ಬುಟ್ಟಿ ಅಲ್ಲೇ ಬಿಟ್ಟು ಬಂದು ಮತ್ತೊಮ್ಮೆ ಹೋಗಬೇಕಾಯಿತು. ಶೇಂಗಾ ಹುರಿದು, ಸಿಪ್ಪೆ ಕೇರಿ, ಖಾರ ಕೂಡಿಸಿ ಚಟ್ನಿಯ ಹಿಂಡಿ ಕುಟ್ಟಿದೆ. ನಮ್ಮವರ ಅಂಗಿಗೆ ಗುಂಡಿ ಹಚ್ಚಿದೆ. ಡಬ್ಬಿಯ ಮಾಳಿಗೆಯ ಮೇಲೆ ಎರಡು ಸಲ ನೀರು ಹೊಯ್ದೆವು. ಅಂಗೈಗೆ ಹತ್ತಿದ ಡಾಂಬರಿಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದೆ, ಪೂರ್ತಿ ಹೋಗಲಿಲ್ಲ.

ಇಷ್ಟರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಆದರೆ ಬಚ್ಚಲ ಬಾಗಿಲ ಹತ್ತಿರ ಒಂದು ಮುರುಕು ಬುಟ್ಟಿ ಇದೆ. ಅದರ ತುಂಬ ಕರೀ ಚಕ್ಕೆಗಳು. ಕೆಲವು ಸುಟ್ಟ ಹಪ್ಪಳದ ಚೂರಿನ ಹಾಗೆ ತೆಳ್ಳಗೆ, ಕೆಲವು ಬೆಲ್ಲದ ಹೆಂಟೆಯ ಹಾಗೆ ದಪ್ಪ. ತಿಪ್ಪೆಗೆ ಚೆಲ್ಲಬೇಕೆಂದು ಎತ್ತಿಟ್ಟದ್ದು. ಡಾಂಬರು ಗೊಬ್ಬರದಲ್ಲಿ ಕೊಳೆಯುವುದಿಲ್ಲವಲ್ಲ ಎಂದು ನೆನಪಾಗಿ ಅಲ್ಲೇ ಬಿಟ್ಟೆ. ಈಗ ಬಚ್ಚಲಿಗೆ ಹೋಗುವಾಗಲೂ ಬರುವಾಗಲೂ ಅದರ ಮೇಲೆ ಕಣ್ಣು ಬೀಳುತ್ತದೆ.

ಡಬ್ಬಿ ಎಂದರೆ ನಿಮಗೆ ಒಗ್ಗರಣೆಯ ಡಬ್ಬಿ ನೆನಪಾಗಿರಬಹುದು. ಇದು ಅದಲ್ಲ. ಟ್ರ್ಯಾಕ್ಟರಿನ ಹಿಂದೆ ಕಟ್ಟಿಕೊಂಡು ಹೋಗುವ ಟ್ರೇಲರು. ಹೊಲದ ಕೆಲಸಕ್ಕೆ ಇರುವುದು ಬೇರೆ, ಅದು ಬೋಳು. ಇದಕ್ಕೆ ಮಾವನವರು ನಾಲ್ಕೂ ಕಡೆ ಹಲಗೆ ಹೊಡೆಸಿ, ಕಬ್ಬಿಣದ ಪಟ್ಟಿಯ ಮೇಲೆ ಪತ್ರಾಸಿನ ತಗಡು ಹಾಸಿ ಮಾಳಿಗೆ ಮಾಡಿಸಿ, ಹಿಂದೆ ಒಂದು ಬಾಗಿಲು ಇಡಿಸಿದ್ದರು. ಒಳಗೆ ಹಾಸಿಗೆ ಹಾಸಬಹುದು, ಗೋಡೆಯ ಗೂಟಕ್ಕೆ ಚೀಲ ತೂಗಹಾಕಬಹುದು, ನಟ್ಟನಡುವೆ ಕಂದೀಲು ತೂಗುವ ಒಂದು ಕೊಂಡಿಯೂ ಇದೆ. ವರ್ಷದ ಹನ್ನೊಂದು ತಿಂಗಳು ಅದು ನಮ್ಮ ಅಂಗಳದ ಬೇವಿನ ಗಿಡದ ಕೆಳಗೆ ನಿಂತಿರುತ್ತದೆ. ಕೋಳಿ ಅದರಡಿ ಮೊಟ್ಟೆ ಇಡುತ್ತದೆ. ಬೀಗರು ಹೆಚ್ಚು ಬಂದರೆ ಗಂಡಸರನ್ನು ಅದರಲ್ಲಿ ಮಲಗಿಸುತ್ತೇವೆ. ನಮ್ಮ ಮಾವನವರು ಮುನಿಸಿಕೊಂಡಾಗಲೂ ಅದರಲ್ಲೇ ಮಲಗುತ್ತಿದ್ದರು. ಮುನಿಸು ಇಳಿದ ಮೇಲೂ ಎರಡು ದಿನ ಅಲ್ಲೇ ಇರುತ್ತಿದ್ದರು, ಗಾಳಿ ಚೆನ್ನಾಗಿ ಬರುತ್ತದೆಂದು.

ಉಳಿದ ಒಂದು ತಿಂಗಳು ಅದು ಶ್ರೀಶೈಲಕ್ಕೆ ಹೋಗುತ್ತದೆ. ಯುಗಾದಿಗೆ ಮುಂಚೆ ನಮ್ಮ ಕಡೆಯವರು ಮಲ್ಲಯ್ಯನ ದರ್ಶನಕ್ಕೆ ನಡೆದು ಹೋಗುವುದು ಉಂಟಲ್ಲ, ಸಿಂದಗಿಯ ನಮ್ಮ ಓಣಿಯಿಂದಲೂ ಒಂದು ಗುಂಪು ಹೊರಡುತ್ತದೆ. ನಡೆಯುವವರು ಮುಂದೆ, ಅವರ ಊಟ ಹಾಸಿಗೆ ಹೊತ್ತ ಡಬ್ಬಿ ಹಿಂದೆ. ಟ್ರ್ಯಾಕ್ಟರು ಹೊಡೆಯುವವರು ನಮ್ಮವರು. ಓಣಿಯ ಮನೆಮನೆಯಿಂದ ಕಡಕ್ ರೊಟ್ಟಿಯ ಗಂಟುಗಳು ಬರುತ್ತವೆ. ಒಂದು ಗಂಟು ಸಣ್ಣ, ಒಂದು ದೊಡ್ಡದು, ಯಾರೂ ಕೇಳುವುದಿಲ್ಲ, ಯಾರೂ ಎಣಿಸುವುದಿಲ್ಲ. ಹಿಂಡಿ, ಉಪ್ಪಿನಕಾಯಿ, ಸಿಹಿಗೆ ಮಾದಲಿ ಬೇರೆ. ನಡೆಯಲಾಗದವರು ರೊಟ್ಟಿ ಕೊಡುತ್ತಾರೆ. ಅದೂ ಒಂದು ನಡಿಗೆಯೇ ಎಂದು ನಮ್ಮಲ್ಲಿ ನಡೆದುಬಂದ ಮಾತು.

ಗಂಗಕ್ಕ ಹಾಗೆ ನಡೆಯುವವಳು. ಅವಳ ಮನೆಯೂ ನಮ್ಮ ಮನೆಯೂ ಒಂದೇ ಗೋಡೆಯ ಎರಡು ಮಗ್ಗುಲು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಮೊದಲು ಪ್ರತಿ ವರ್ಷ ಕಾಲಿಗೆ ಚಿಂದಿ ಸುತ್ತಿಕೊಂಡು ನಡೆದು ಹೋಗುತ್ತಿದ್ದಳು, ಮುಂದಿನ ಸಾಲಿನಲ್ಲೇ. ಮೊಣಕಾಲು ಕೈಕೊಟ್ಟ ಮೇಲೆ ರೊಟ್ಟಿ ಕಳಿಸತೊಡಗಿದಳು. ಅವಳ ರೊಟ್ಟಿ ಎಂದರೆ ಬಿಸಿಲಿಗೆ ಹಿಡಿದರೆ ಆಚೆ ಬೆಳಕು ಕಾಣಬೇಕು.

‘ನನ್ನ ಕಾಲು ಹೋಗಂಗಿಲ್ಲ, ನನ್ನ ರೊಟ್ಟಿ ಹೋಗ್ತಾವ. ಮಲ್ಲಯ್ಯಗ ಎರಡೂ ಒಂದ’ ಎನ್ನುತ್ತಾಳೆ.

ಹೋದ ವರ್ಷ ಹೀಗಾಯಿತು. ಗುಂಪು ಮುದ್ದೇಬಿಹಾಳ ಮುಟ್ಟಿದ ರಾತ್ರಿ ಅಕಾಲದ ಮಳೆ ಬಿತ್ತು. ಜನ ಒಂದು ಪಡಸಾಲೆಯಲ್ಲಿ ನೆನೆಯದೆ ಮಲಗಿದ್ದರು. ಡಬ್ಬಿ ಹೊರಗೆ ನಿಂತಿತ್ತು. ಬೆಳಿಗ್ಗೆ ಬಾಗಿಲು ತೆರೆದರೆ, ಎಲ್ಲಕ್ಕಿಂತ ಮೇಲೆ ಜೋಪಾನವಾಗಿ ಇಟ್ಟಿದ್ದ ಗಂಗಕ್ಕನ ಗಂಟು ಮಾಳಿಗೆ ಸೋರಿ ನೆನೆದು ಅಂಬಲಿಯಾಗಿತ್ತು. ಕೆಳಗಿನವು ಉಳಿದಿದ್ದವು. ಒಳ್ಳೆಯ ರೊಟ್ಟಿ ಒಡೆಯಬಾರದೆಂದು ಮೇಲೆ ಇಟ್ಟದ್ದೇ ಮುಳುವಾಯಿತು. ಅದನ್ನು ದಾರಿಯ ದನಗಳಿಗೆ ಹಾಕಿ ಮುಂದೆ ಹೋದರು.

ನಮ್ಮವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಬಂದವರೇ ಗೋಡೆಯ ಆಚೆ ಹೋಗಿ, ನಡೆದದ್ದು ನಡೆದ ಹಾಗೆ ಹೇಳಿದರು. ಗಂಗಕ್ಕ ಮೊರದಲ್ಲಿ ಕಾಳು ಆರಿಸುತ್ತಿದ್ದಳಂತೆ. ಕೈ ನಿಲ್ಲಿಸಲಿಲ್ಲವಂತೆ.

‘ಹಂಗಾರ ಈ ವರ್ಷ ನಾ ಮುದ್ದೇಬಿಹಾಳದಾಗ ಉಳದೆ ಅನ್ನು’ ಎಂದಳಂತೆ. ಅಷ್ಟೇ.

ಜಗಳವಿಲ್ಲ, ಮಾತು ಬಿಟ್ಟದ್ದೂ ಇಲ್ಲ. ಹೆಪ್ಪಿಗೆ ಮಜ್ಜಿಗೆ ಅವಳೇ ಕೊಡುತ್ತಾಳೆ, ಕರಿಬೇವು ನಮ್ಮಿಂದ ಹೋಗುತ್ತದೆ. ಆದರೆ ವರ್ಷವಿಡೀ ಅವಳು ಡಬ್ಬಿಯ ಮಾತು ಎತ್ತಲಿಲ್ಲ. ಶಿವರಾತ್ರಿ ಮುಗಿದ ಮೇಲೆ ಒಂದು ದಿನ ಗೋಡೆಯ ಮೇಲಿಂದ ಹೇಳಿದಳು, ‘ತಂಗೀ, ಈ ಸಲ ನನ್ನ ಗಂಟು ಬಾಗೇವಾಡಿಗೆ ಕಳಸ್ತೇನಿ. ಅಲ್ಲಿಂದ ನಮ್ಮ ಅಕ್ಕನ ಮಗನ ಗಾಡಿನೂ ಮಲ್ಲಯ್ಯಗ ಹೋಗ್ತೈತಿ. ಬಸ್ಸಿನ್ಯಾಗ ಒಯ್ದು ಕೊಟ್ಟು ಬರ್ತೇನಿ.’

‘ಆ ಕಾಲ ತಗೊಂಡು ಬಸವನ ಬಾಗೇವಾಡಿತನ ಹೋಗ್ತಿಯೇನಕ್ಕಾ?’

‘ಮುದ್ದೇಬಿಹಾಳದಾಗ ಕುಂದ್ರೂದಕ್ಕಿಂತ ಅದು ಹಗರ.’

ಅವಳು ಕೊಡದಿದ್ದರೆ ಓಣಿಯ ಉಳಿದ ಮನೆಗಳೂ ಯೋಚಿಸುತ್ತವೆ ಎಂಬುದು ಒಂದು ಮಾತು. ಅದನ್ನು ನಮ್ಮವರು ಹೇಳಿದರು. ನಾನು ಅಷ್ಟು ದೂರ ಹೋಗಲಿಲ್ಲ. ಗೋಡೆಯ ಆಚೆ ಬಡಿದ ರೊಟ್ಟಿ ಗೋಡೆಯ ಈಚೆ ನಿಂತ ಗಾಡಿಯನ್ನು ಬಿಟ್ಟು, ಬಸ್ಸು ಹತ್ತಿ ಬೇರೆ ಊರಿನ ಗಾಡಿಗೆ ಹೋಗುವುದು ನನಗೆ ಸರಿ ಕಾಣಲಿಲ್ಲ, ಅಷ್ಟೇ.

‘ತಾಡಪಾಲು ಹೊಚ್ಚಬಾರದೇ?’ ಎಂದು ನೀವು ಕೇಳಬಹುದು. ಹೊಚ್ಚಿದ್ದೇವೆ. ದಾರಿಯ ಗಾಳಿಗೆ ಅದು ಡೊಳ್ಳು ಬಾರಿಸಿದ ಹಾಗೆ ಬಡಿದುಕೊಂಡು, ಮೂರನೆಯ ದಿನಕ್ಕೆ ಚಿಂದಿಯಾಗುತ್ತದೆ. ಆ ಚಿಂದಿಯೇ ಗಂಗಕ್ಕನ ಕಾಲಿಗೆ ಸುತ್ತಲು ಆಗುತ್ತಿತ್ತು.

ಮಾಳಿಗೆ ಸೋರುವುದು ನಮಗೆ ಹೊಸದಲ್ಲ. ಸೋರಿದ್ದಕ್ಕೆ ಮದ್ದೂ ಗೊತ್ತಿತ್ತು. ಹೊರಡುವ ಹಿಂದಿನ ದಿನ ಕೈಗೆ ಸಿಕ್ಕದ್ದನ್ನು ತಗೊಂಡು ಮೇಲೆ ಹತ್ತಿ, ಸೋರುವ ಕಡೆ ಮೆತ್ತಿ ಇಳಿಯುವುದು. ಮರುವರ್ಷ ಅದರ ಮೇಲೆ ಇನ್ನೊಂದು. ಹಳೆಯದನ್ನು ತೆಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆಯದೆ ಇದ್ದದ್ದಕ್ಕೆ ಕಾರಣವಿದೆ. ನಾವೆಲ್ಲ ಮಣ್ಣಿನ ಮಾಳಿಗೆಯ ಕೆಳಗೆ ಬೆಳೆದವರು.

ನನ್ನ ತವರು ಇಲ್ಲೇ ಮೋರಟಗಿ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಬೇವಿನ ಸೊಪ್ಪು, ಅದರ ಮೇಲೆ ಮಣ್ಣು. ಪ್ರತಿ ವರ್ಷ ಮುಂಗಾರಿನ ಮಿರಗದ ಮಳೆಗೆ ಮುಂಚೆ ಬಂಡಿಯಲ್ಲಿ ಹಾಳಮಣ್ಣು ತಂದು, ಬುಟ್ಟಿಬುಟ್ಟಿಯಾಗಿ ಮೇಲೆ ಸಾಗಿಸಿ, ಹರವಿ, ತುಳಿಯುವುದು. ಬಿಳಿಚಿದ ಜಿಗುಟು ಮಣ್ಣು ಅದು, ನೀರು ಬಿದ್ದರೆ ಬಿಗಿದುಕೊಳ್ಳುತ್ತದೆ. ಹುಡುಗರಾದ ನಮಗೆ ತುಳಿಯುವ ಕೆಲಸ. ಅಪ್ಪ ಕೆಳಗಿನಿಂದ ಕೂಗುತ್ತಿದ್ದ, ‘ಕುಣಿಬ್ಯಾಡ್ರಿ, ತುಳೀರಿ!’ ಎರಡಕ್ಕೂ ವ್ಯತ್ಯಾಸ ನನಗೆ ಇಂದಿಗೂ ತಿಳಿದಿಲ್ಲ.

ಹೀಗೆ ತುಳಿದೂ ಸೋರುತ್ತಿತ್ತು. ಅವ್ವ ಮೊದಲು ಹಿಟ್ಟಿನ ಮಡಕೆ ಸರಿಸುತ್ತಿದ್ದಳು, ಆಮೇಲೆ ಕಾಳಿನ ಚೀಲ, ಆಮೇಲೆ ನಮ್ಮನ್ನು. ಅಕ್ಕನನ್ನು ನೋಡಲು ಬೀಗರು ಬಂದ ದಿನವೂ ಮಳೆ. ವರನ ಅಪ್ಪ ಪಡಸಾಲೆಯ ನಡುವೆ ಹಾಸಿದ ಜಮಖಾನದ ಮೇಲೆ ಗಂಭೀರವಾಗಿ ಕುಳಿತಿದ್ದರು. ಅಕ್ಕ ಚಹಾ ಹಿಡಿದು ಬಂದು ಬಗ್ಗುವುದಕ್ಕೂ ಅವರ ರುಮಾಲಿನ ತುದಿಯ ಮೇಲೆ ಒಂದು ಹನಿ ಬೀಳುವುದಕ್ಕೂ ಸರಿಹೋಯಿತು. ಅಪ್ಪನ ಮುಖ ಬಾಡಿತು. ಅವರು ಮೇಲೆ ನೋಡಿದರು, ಕೆಳಗೆ ನೋಡಿದರು, ಒಂದಿಷ್ಟು ಪಕ್ಕಕ್ಕೆ ಸರಿದು ಕುಳಿತರು.

‘ನಿಮ್ಮ ಕಡೆ ಮಳಿ ಚಲೋ ಆಗೇತಿ ಬಿಡ್ರಿ’ ಎಂದರು.

ಸಂಬಂಧ ಕೂಡಿತು. ಅಕ್ಕ ಆ ಮನೆಗೆ ಹೋಗಿ ನೋಡಿದರೆ ಅಲ್ಲಿ ಇದಕ್ಕಿಂತ ಹೆಚ್ಚು ಸೋರುತ್ತಿತ್ತಂತೆ. ಅವರಿಗೆ ಸರಿದು ಕೂರುವ ರೂಢಿ ಇತ್ತು.

ನಾನು ದೊಡ್ಡವಳಾಗುವ ಹೊತ್ತಿಗೆ ನಮ್ಮ ಮಾಳಿಗೆಯ ಮಣ್ಣು ಮೊಣಕಾಲುದ್ದ ಆಗಿತ್ತು. ಹಾಕಿದ್ದು ಹಾಕಿದ್ದೇ, ತೆಗೆದದ್ದು ಇಲ್ಲ. ಒಂದು ವರ್ಷ ನಡುವಿನ ತೊಲೆ ಬಾಗಿ ಕೆಳಗೆ ಕಂಬ ಕೊಡಬೇಕಾಯಿತು. ಅಪ್ಪ ಕಂಬದ ಮೇಲೆ ಕಂಬ ಕೊಡುವ ವಿಚಾರದಲ್ಲಿದ್ದ. ಅವ್ವ ಒಲೆಯ ಮುಂದೆ ಕುಳಿತೇ ಹೇಳಿದಳು, ‘ಎಲ್ಲಾ ಇಳಸ್ರಿ. ಮಣ್ಣ ನಮ್ಮನ್ನ ಕಾಯಾಕತ್ತಿಲ್ಲ, ನಾವ ಮಣ್ಣ ಹೊತ್ತೇವಿ.’ ಅಪ್ಪ ಎರಡು ದಿನ ಕಂಬಕ್ಕೆ ಮರ ಹುಡುಕಿದ. ಮೂರನೆಯ ದಿನ ಸಲಿಕೆ ಹಿಡಿದ. ಅಂಗಳದಲ್ಲಿ ಬಿದ್ದ ರಾಶಿಯ ಮೇಲಿಂದ ನಾವು ಜಾರಾಡಿದೆವು. ಹೊಸದಾಗಿ ಒಂದೇ ಪದರು ಹಾಕಿದ ಆ ಮಳೆಗಾಲ ಒಂದು ಹನಿಯೂ ಬೀಳಲಿಲ್ಲ. ಅವ್ವನಿಗೆ ಮಾತ್ರ ಹೊತ್ತು ಹೋಗದಂತಾಗಿ, ಹಿಟ್ಟಿನ ಮಡಕೆಯನ್ನು ಸುಮ್ಮನೆ ಅತ್ತ ಇತ್ತ ಸರಿಸುತ್ತಿದ್ದಳು.

ಇದನ್ನೇ ನಾನು ನಮ್ಮವರಿಗೆ ಹೇಳಿದೆ. ‘ಈ ಸಲ ಎಲ್ಲಾ ಕೆರದು ತಗದು ಹೊಸಾದು ಹಚ್ಚೂಣ್ರಿ.’

‘ಹುಚ್ಚಿ ಅದಿಯೇನ? ಹಳೇದು ಇದ್ದದ್ದಕ್ಕ ಇಷ್ಟರೆ ತಡದೈತಿ. ಅದನ್ನ ತಗದರ ಜರಡಿ ಆಗ್ತೈತಿ.’

‘ತಡದಿಲ್ಲಲ್ರಿ. ರೊಟ್ಟಿ ನೆಂದಾವಲ್ಲ.’

ಅವರು ಎದ್ದು ಚಪ್ಪಲಿ ಮೆಟ್ಟಿದರು. ಟ್ರ್ಯಾಕ್ಟರಿನ ಯಾವುದೋ ಸಾಮಾನಿಗೆಂದು ಇಂಡಿಗೆ ಹೋದರು. ಹೋಗುವಾಗ ನಾನು, ‘ಬರೂಮುಂದ ಪತ್ರಾಸಿಗೆ ಹಚ್ಚೂ ಸಿಲಿಕಾನು ತರ್ರಿ, ಕೊಳವ್ಯಾಗ ಬರ್ತೈತಲ್ಲ ಅದು’ ಎಂದೆ. ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಅವರ ಗಾಡಿ ಓಣಿ ದಾಟಿದ ಮೇಲೆ ನಾನು ಸೆರಗು ಬಿಗಿದು, ಕಳೆ ಕೀಳುವ ಖುರ್ಪಿ ಹಿಡಿದು, ಏಣಿ ಹತ್ತಿದೆ.

ಏಣಿ ಹತ್ತಿದ್ದನ್ನು ಇಷ್ಟು ಸಲೀಸಾಗಿ ಬರೆದೆ. ನಿಜದಲ್ಲಿ ಅರ್ಧ ಹತ್ತಿ ಸಾಕಷ್ಟು ಹೊತ್ತು ಅಲ್ಲೇ ನಿಂತಿದ್ದೆ. ಗೋಡೆಯ ಆಚೆ ಗಂಗಕ್ಕ ಬಟ್ಟೆ ಒಣಗಹಾಕುತ್ತಿದ್ದಳು.

‘ಏನ ಶಾಂತವ್ವಾ, ಹತ್ತಾಕತ್ತಿಯೋ ಇಳ್ಯಾಕತ್ತಿಯೋ?’

‘ಹತ್ತಾಕತ್ತೇನಿ.’

‘ಹಂಗ ಕಾಣಂಗಿಲ್ಲ.’

ಅದರಿಂದಲೇ ಹತ್ತಿದೆ.

ಡಾಂಬರು ಕೆರೆಯುವುದಕ್ಕೆ ಒಂದು ಹೊತ್ತು ಇದೆ ಎಂಬುದು ಮೊದಲ ದಿನವೇ ತಿಳಿಯಿತು. ಬೆಳಿಗ್ಗೆ ಪತ್ರಾಸು ತಣ್ಣಗಿರುವಾಗ ಖುರ್ಪಿಯ ತುದಿ ಕೊಟ್ಟರೆ ಅದು ಟಕ್ಕನೆ ಚಕ್ಕೆಯಾಗಿ ಏಳುತ್ತದೆ. ಬಿಸಿಲು ಏರಿತೋ, ಕಡಲೆಹಿಟ್ಟಿನ ಝುಣಕ ತಳ ಹಿಡಿದ ಹಾಗೆ, ಖುರ್ಪಿಗೂ ಅಂಟು, ಕೈಗೂ ಅಂಟು, ಸೀರೆಗೂ ಅಂಟು. ಹಾಗಾಗಿ ಬೆಳಗಿನ ಚಹಾ ಆದ ಮೇಲೆ ಮೇಲೆ, ರೊಟ್ಟಿಯ ಹೊತ್ತಿಗೆ ಕೆಳಗೆ. ಖುರ್ಪಿಯನ್ನು ನೆಟ್ಟಗೆ ಹಿಡಿದರೆ ಪತ್ರಾಸಿಗೆ ಗೀರು ಬೀಳುತ್ತದೆ, ಗೀರು ಬಿದ್ದಲ್ಲಿ ತುಕ್ಕು. ಮಲಗಿಸಿ ಹಿಡಿಯಬೇಕು. ಕೊನೆಗೆ ಉಳಿಯುವ ತೆಳು ಪದರಿಗೆ ರೊಟ್ಟಿಯ ಹಂಚು ಕೆರೆಯುವ ತಗಡಿನ ತುಂಡೇ ಸರಿ. ಅದಕ್ಕೂ ಜಗ್ಗದ್ದಕ್ಕೆ ಡೀಸೆಲ್ಲಿನಲ್ಲಿ ಅದ್ದಿದ ಅರಿವೆ. ಡೀಸೆಲ್ಲು ಒರೆಸಿ, ಸಬಕಾರದ ನೀರಿನಿಂದ ತೊಳೆದು, ಒಣಗಲು ಬಿಡಬೇಕು. ಜಿಡ್ಡು ಉಳಿದರೆ ಹೊಸದು ಹಿಡಿಯುವುದಿಲ್ಲ. ನಾಲ್ಕು ದಿನ ನನ್ನ ಕೈಯ ಊಟಕ್ಕೆಲ್ಲ ಟ್ರ್ಯಾಕ್ಟರಿನ ವಾಸನೆ. ನಾನು ರೊಟ್ಟಿಯನ್ನು ಚಮಚದಲ್ಲಿ ತಿನ್ನಲು ನೋಡಿ ಬಿಟ್ಟೆ.

ಪದರುಗಳು ಒಂದೊಂದಾಗಿ ಬಂದವು. ಎಲ್ಲಕ್ಕಿಂತ ಮೇಲೆ ಬೆಳ್ಳಿ ಬಣ್ಣ. ಸೋರುವುದು ನಿಲ್ಲದಿದ್ದರೂ ನೋಡಲು ಹೊಸದಾಗಿರಲಿ ಎಂದು ಹಚ್ಚಿದ್ದು. ಅದರಡಿ ಒಂದು ಬ್ಯಾನರಿನ ತುಂಡು. ಅದರಲ್ಲಿ ಯಾರೋ ನಾಡಿನ ಸಮಸ್ತರಿಗೆ ಹಬ್ಬದ ಶುಭಾಶಯ ಕೋರುತ್ತಿದ್ದರು. ಮೀಸೆಯ ಅರ್ಧ ಮತ್ತು ಒಂದು ಕೈ ಮಾತ್ರ ಉಳಿದಿತ್ತು. ಅದರಡಿ ಸೈಕಲ್ಲಿನ ಟ್ಯೂಬು ಕತ್ತರಿಸಿ ಅಂಟಿಸಿದ್ದು. ಅದರಡಿ ಸಿಮೆಂಟು. ಅದು ನಮ್ಮ ಅಡುಗೆಮನೆಗೆ ನೆಲ ಹಾಕಿಸಿದ ವರ್ಷದ್ದು, ಉಳಿದ ಸಿಮೆಂಟನ್ನು ಯಾಕೆ ಕೆಡಿಸುವುದೆಂದು ಮೇಲೆ ಮೆತ್ತಿದ್ದರು. ಬಿರಿದು ಬಿಸ್ಕೀಟಿನಂತೆ ಬಂತು. ಅದರಡಿ ಡಾಂಬರಿನಲ್ಲಿ ಅದ್ದಿದ ಗೋಣಿತಟ್ಟು. ಅದರಲ್ಲಿ ಜೋಳದ ಒಂದು ಕಾಳು ಸಿಕ್ಕಿಕೊಂಡಿತ್ತು. ಪದರು ಪದರಿನ ನಡುವೆ ಅರಿಷಿಣದಂಥ ತುಕ್ಕಿನ ಪುಡಿ. ಮಳೆಯ ನೀರು ಮೇಲಿನ ಸಂದಿಯಲ್ಲಿ ಹೊಕ್ಕು, ಒಳಗೊಳಗೇ ಹರಿದು, ತನಗೆ ಬೇಕಾದಲ್ಲಿ ಇಳಿಯುತ್ತಿತ್ತು. ನಾವು ಸೋರಿದ ಕಡೆ ಮೆತ್ತುತ್ತಿದ್ದೆವು; ಅದು ಹೊಕ್ಕ ಕಡೆ ಬೇರೆ.

ಎಲ್ಲಕ್ಕಿಂತ ಕೆಳಗೆ ಮಾವನವರ ಡಾಂಬರು. ಊರ ಮುಂದೆ ರಸ್ತೆ ಹಾಕುತ್ತಿದ್ದಾಗ ಬಿಸಿಬಿಸಿಯದನ್ನು ಡಬರಿಯಲ್ಲಿ ಬೇಡಿ ತಂದು, ಕಡ್ಡಿಯಿಂದ ಹಚ್ಚುವಷ್ಟು ತಾಳ್ಮೆಯಿಲ್ಲದೆ ಹೆಬ್ಬೆರಳಿನಿಂದ ಒತ್ತಿ, ಬೆರಳು ಸುಟ್ಟುಕೊಂಡಿದ್ದರು. ನಾನು ಆಗ ಈ ಮನೆಗೆ ಹೊಸಬಳು. ಬೆಣ್ಣೆ ಹಚ್ಚಿ ಬಟ್ಟೆ ಕಟ್ಟಿದವಳು ನಾನೇ. ಆ ಬೆರಳು ಎತ್ತಿಕೊಂಡೇ ಶ್ರೀಶೈಲ ಮುಟ್ಟಿ ಬಂದರು. ನಟ್ಟನಡುವೆ, ಒಳಗೆ ಕಂದೀಲಿನ ಕೊಂಡಿ ಇರುವಲ್ಲಿ, ಕೊಂಡಿಯ ನಟ್ಟಿನ ಸುತ್ತ ಆ ಹೆಬ್ಬೆರಳ ಗುರುತು ಇನ್ನೂ ಇತ್ತು. ಗೆರೆಗಳು ಸಹಿತ.

ನಾನು ಖುರ್ಪಿ ಅಲ್ಲಿ ಇಟ್ಟಿದ್ದೆ. ಅಷ್ಟರಲ್ಲಿ ನಮ್ಮವರು ಏಣಿಯ ಮೇಲೆ ಕಾಣಿಸಿಕೊಂಡರು. ಮೊದಲ ದಿನ ಇಂಡಿಯಿಂದ ಬಂದು ಅರ್ಧ ಕೆರೆದ ಮಾಳಿಗೆ ನೋಡಿ ಗಿಡದ ಕೆಳಗೆ ಬಹಳ ಹೊತ್ತು ಕುಳಿತಿದ್ದರು. ಸಿಲಿಕಾನಿನ ಕೊಳವೆ ಮಾತ್ರ ಚೀಲದಲ್ಲಿತ್ತು. ಮರುದಿನದಿಂದ ತಾವೂ ಸುತ್ತಿಗೆ ಹಿಡಿದು ಹತ್ತುತ್ತಿದ್ದರು, ಹಳೇ ನಟ್ಟು ಬಿಚ್ಚಿ ಹೊಸ ರಬ್ಬರು ಹಾಕಿ ಬಿಗಿಯುತ್ತಿದ್ದರು. ಈಗ ಬಗ್ಗಿ ಆ ಗುರುತು ನೋಡಿದರು. ತಮ್ಮ ಹೆಬ್ಬೆರಳನ್ನು ಅದರ ಮೇಲೆ ಇಟ್ಟು ನೋಡಿದರು. ಇವರದು ತುಸು ಸಣ್ಣದಾಯಿತು.

‘ಅದೊಂದು ಇರ್ಲಿ ಬಿಡು’ ಎಂದರು. ‘ಅದು ಗಟ್ಟಿ ಐತಿ.’

ಗಟ್ಟಿ ಇರಲಿಲ್ಲ. ಅಂಚು ಎದ್ದಿತ್ತು. ಆದರೂ ನಾನು ‘ಹೌದ್ರಿ, ಗಟ್ಟಿ ಐತಿ’ ಎಂದೆ. ಅದೊಂದನ್ನು ಬಿಟ್ಟು ಸುತ್ತಲೂ ಸಿಲಿಕಾನು ಎಳೆದೆವು. ನಾನು ಎಳೆದ ಗೆರೆ ಸೀದಾ ಬರಲಿಲ್ಲ. ‘ಹಾವು ಹೋದಂಗ ಆಗೇತಿ ನೋಡು’ ಎಂದರು. ‘ನೀರ ಒಳಗ ಬರಾಕ ಹೆದರ್ತಾವ ಬಿಡ್ರಿ’ ಎಂದೆ. ಅವರು ನಕ್ಕರು. ಅದು ಮೊನ್ನೆಯ ಮಾತು.

ಇವತ್ತು ಬೆಳಿಗ್ಗೆ ನೀರು ಹೊಯ್ದು ನೋಡುವುದೆಂದು ಆಯಿತು. ಬೋರಿನ ಪೈಪು ಮೇಲೆ ಎಳೆದು ನಮ್ಮವರು ಮಾಳಿಗೆಯ ಮೇಲೆ ನಿಂತರು. ಕೆಳಗೆ ಡಬ್ಬಿಯೊಳಗೆ ಕುಳಿತು ನೋಡುವುದು ನನ್ನ ಕೆಲಸ. ಒಳಗೆ ಹೋಗಬೇಕು, ಅಷ್ಟರಲ್ಲಿ ಗಂಗಕ್ಕ ನಮ್ಮ ಅಂಗಳಕ್ಕೆ ಬಂದಳು. ಒಂದು ಕೈ ಮೊಣಕಾಲ ಮೇಲೆ. ಇನ್ನೊಂದು ಕೈಯಲ್ಲಿ, ಬಿಳೀ ಧೋತರದ ತುಂಡಿನಲ್ಲಿ ಕಟ್ಟಿದ ದುಂಡನೆಯ ಗಂಟು. ನಾಳೆಯ ಬಾಗೇವಾಡಿ ಬಸ್ಸಿಗೆ ಎಂದು ಕಟ್ಟಿಟ್ಟದ್ದು ಅದೇ ಎಂದು ನನಗೆ ಗೊತ್ತಿತ್ತು. ನಾಲ್ಕು ದಿನ ಗೋಡೆಯ ಆಚೆ ಅವಳು ಬಡಿಯುವ ಸಪ್ಪಳ ಕೇಳುತ್ತಲೇ ನಾನು ಈಚೆ ಕೆರೆದಿದ್ದೆ.

‘ಸರಿ ಅತ್ಲಾಗ’ ಎಂದು ನನ್ನನ್ನು ಬದಿಗೆ ಸರಿಸಿ, ಡಬ್ಬಿಯ ಮೆಟ್ಟಿಲು ಹತ್ತಿ, ಒಳಗೆ ಹೋಗಿ ನಟ್ಟನಡುವೆ ಕುಳಿತಳು. ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಳು.

‘ಹೋದ ವರ್ಷ ಇಲ್ಲೇ ಇಟ್ಟಿದ್ರಿಲ್ಲೋ?’

‘ಅಕ್ಕಾ, ಗಂಟ ಇಲ್ಲೆ ಕೊಡು, ಹೊರಗಿಡ್ತೇನಿ. ಬರೇ ನೀರ ಹೊಯ್ದು ನೋಡೂದೈತಿ.’

‘ರೊಟ್ಟಿ ಇಲ್ಲದ ಏನ ನೋಡ್ತಿ? ಬರೇ ಗಾಡಿ ತೋಯ್ದರ ಯಾರಿಗೇನಾಗ್ತೈತಿ?’

‘ನೆಂದ್ರ ಮತ್ತ ಅಷ್ಟೂ ಬಡೀಬೇಕಾಗ್ತೈತಲ್ಲ ಯಕ್ಕಾ!’

‘ನೆಂದ್ರ ಈ ವರ್ಷ ಅಂಗಳದಾಗ ಉಳದೆ ಅಂತ ತಿಳಕೋತೇನಿ’ ಎಂದು, ಮೇಲೆ ಮುಖ ಮಾಡಿ ನಮ್ಮವರನ್ನು ಕೂಗಿದಳು, ‘ಮಲ್ಲಪ್ಪಾ, ಹೊಯ್ಯೋ!’

ನಮ್ಮವರಿಗೆ ಒಳಗೆ ಏನು ನಡೆದಿದೆ ಎಂದು ಕಾಣುವುದಿಲ್ಲ. ಅಕ್ಕ ಹೇಳಿದಳೆಂದು ಹೊಯ್ದರು.

ಪತ್ರಾಸಿನ ಕೆಳಗೆ ಕುಳಿತರೆ ಪೈಪಿನ ನೀರೂ ದೊಡ್ಡ ಮಳೆಯೇ. ನಾನು ಬಾಗಿಲಲ್ಲಿ ನಿಂತೆ. ಗಂಗಕ್ಕ ಮೇಲೆ ನೋಡಲಿಲ್ಲ, ಗಂಟನ್ನೇ ನೋಡುತ್ತಿದ್ದಳು. ಮೂಲೆಗಳು ಒಣ. ಹಲಗೆಯ ಸಂದಿ ಒಣ. ಹೋದ ವರ್ಷ ಕಲೆ ಬಿದ್ದ ಕಡೆಯೂ ಒಣ. ನಾನು ಉಸಿರು ಬಿಡಬೇಕು, ಅಷ್ಟರಲ್ಲಿ ಕಂದೀಲಿನ ಕೊಂಡಿಯ ತುದಿಯಲ್ಲಿ ಒಂದು ಹನಿ ಕೂಡಿತು. ಅದು ದಪ್ಪವಾಗುವುದನ್ನು ನಾನೂ ನೋಡಿದೆ, ಅವಳೂ ನೋಡಿದಳು. ಬೀಳುವ ಮುಂಚೆ ಗಂಗಕ್ಕ ಗಂಟಿನ ಮೇಲೆ ಅಂಗೈ ಚಾಚಿದಳು. ಹನಿ ಅಂಗೈಯಲ್ಲಿ ಬಿತ್ತು.

‘ಬಂತು!’ ಎಂದು ಕೂಗಿದಳು. ‘ಕೊಂಡ್ಯಾಗಿಂದ ಬಂತು ನೋಡೋ, ಮಲ್ಲಪ್ಪಾ!’

ಮೇಲೆ ನೀರು ನಿಂತಿತು. ನಾನು ಹೊರಗೆ ಬಂದು ಮೇಲೆ ನೋಡಿದೆ. ನಮ್ಮವರು ಆ ಗುರುತಿನ ಹತ್ತಿರ ಕುಕ್ಕರಗಾಲಲ್ಲಿ ಕುಳಿತಿದ್ದರು. ಗಂಗಕ್ಕ ಬಾಗಿಲಿನಿಂದ ತಲೆ ಹೊರಗೆ ಹಾಕಿದಳು.

‘ಏನೈತ್ಯೋ ಅಲ್ಲಿ?’

‘ಅಪ್ಪನ ಕೈದು ಐತಕ್ಕಾ. ಬೆರಳ ಮೂಡೇತಿ. ಅದಕ್ಕ ಬಿಟ್ಟಿದ್ದೆ.’

ಗಂಗಕ್ಕ ಅಂಗೈಯ ಹನಿಯನ್ನು ಸೆರಗಿಗೆ ಒರೆಸಿಕೊಂಡಳು. ಮಾವನವರ ಜೊತೆ ಮುಂದಿನ ಸಾಲಿನಲ್ಲಿ ನಡೆದವಳು ಅವಳು. ಆಮೇಲೆ ಹೇಳಿದಳು, ‘ನಿಮ್ಮಪ್ಪ ಏನ ಬೆರಳ ಉಳೀಲಿ ಅಂತ ಒತ್ತಿದ್ದನೇನೋ? ಹನಿ ಬೀಳಬಾರದು ಅಂತ ಒತ್ತಿದ್ದ.’

ನಮ್ಮವರು ನನ್ನ ಕಡೆ ಕೈ ಚಾಚಿದರು. ಖುರ್ಪಿ ಕೊಟ್ಟೆ. ಬಿಸಿಲು ಏರಿತ್ತು, ನೀರು ಬಿದ್ದು ಮಾತ್ರ ತಣ್ಣಗಾಗಿತ್ತು. ಚಕ್ಕೆ ಇಡಿಯಾಗಿ ಎದ್ದಿತು. ಅದರಡಿ ನಟ್ಟಿನ ಸುತ್ತ ಜೋಳದ ಕಾಳಿನಷ್ಟು ತೂತು. ಅವರೇ ತಿಕ್ಕಿದರು, ಒರೆಸಿದರು, ಹೊಸ ರಬ್ಬರು ಇಟ್ಟು ಬಿಗಿದರು, ಸಿಲಿಕಾನು ಸುತ್ತಿದರು. ಕೊನೆಗೆ ಅದನ್ನು ಬೆರಳಿನಿಂದ ಒತ್ತಿ ಸಾಪು ಮಾಡಿದರು. ಬೇಕೆಂದು ಮಾಡಿದರೋ, ರೂಢಿಗೆ ಮಾಡಿದರೋ ತಿಳಿಯದು. ಬಚ್ಚಲ ಹತ್ತಿರದ ಬುಟ್ಟಿಯಲ್ಲಿ ಆ ಒಂದು ಚಕ್ಕೆ ಇಲ್ಲ. ಎಲ್ಲಿದೆ ಎಂದು ನಾನು ಕೇಳಿಲ್ಲ. ನಾಳೆ ಅಂಗಿ ಒಗೆಯುವಾಗ ಜೇಬು ನೋಡಿ ನೀರಿಗೆ ಹಾಕಬೇಕು.

ಸಿಂದಗಿಯ ಬಿಸಿಲಿಗೆ ಸಂಜೆಯೊಳಗೆ ಅದು ಬಿಗಿಯಿತು. ಗಂಗಕ್ಕ ಮನೆಗೆ ಹೋಗಲಿಲ್ಲ. ‘ಎದ್ದರ ಮತ್ತ ಆ ಮೆಟ್ಲ ಯಾರು ಹತ್ತವರು?’ ಎಂದು ಡಬ್ಬಿಯಲ್ಲೇ ಕಾಲು ಚಾಚಿ ಕುಳಿತಳು. ಗಿರಣಿಯಿಂದ ಹಿಟ್ಟು ತಂದೆ, ಹಿಂಡಿಯ ಶೇಂಗಾ ಅವಳ ಮುಂದೆಯೇ ಕೇರಿದೆ. ಹೊತ್ತು ಇಳಿದ ಮೇಲೆ ನಮ್ಮವರು ಎರಡನೆಯ ಸಲ ಮೇಲೆ ಹತ್ತಿ ನೀರು ಬಿಟ್ಟರು. ಮೊದಲಿಗಿಂತ ಹೆಚ್ಚು ಹೊತ್ತು, ಎಮ್ಮೆ ಬೆದರಿ ಹಗ್ಗ ಜಗ್ಗುವಷ್ಟು ಹೊತ್ತು. ಕೊಂಡಿ ಒಣಗಿಯೇ ಇತ್ತು. ಗಂಗಕ್ಕ ಅದನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ಗಲ್ಲಕ್ಕೆ ಒತ್ತಿ ನೋಡಿಕೊಂಡಳು. ಆಮೇಲೆ ಗಂಟು ಬಿಚ್ಚಿ, ಮೇಲಿನ ರೊಟ್ಟಿ ತೆಗೆದು ಮುರಿದಳು. ಕಟ್ ಎಂದು ಸಪ್ಪಳವಾಯಿತು. ಅಂಗಳದ ತನಕ ಕೇಳಿತು.

ಬಾಗೇವಾಡಿಯ ಮಾತು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಊಟವನ್ನು ಡಬ್ಬಿಯೊಳಗೇ ಒಯ್ದೆ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಇವತ್ತು ಕುಟ್ಟಿದ ಹಿಂಡಿ, ಮೊಸರು. ಗಂಗಕ್ಕ ಬಿಸಿಯದು ಮುಟ್ಟಲಿಲ್ಲ. ತಾನು ಮುರಿದ ಕಡಕ್ ರೊಟ್ಟಿಯನ್ನೇ ಮೊಸರು ಹಿಂಡಿ ಹಚ್ಚಿಕೊಂಡು ತಿಂದಳು, ಉಳಿದ ಅರ್ಧ ನಮ್ಮವರಿಗೆ ಕೊಟ್ಟಳು. ನಾನು ತಾಟು ಬಳಿದು ತೊಳೆದು ತಿರುಗಿ ಬರುವಷ್ಟರಲ್ಲಿ, ಗಂಟನ್ನು ಮತ್ತೆ ಕಟ್ಟಿ ಮಗ್ಗುಲಿಗೆ ಇಟ್ಟುಕೊಂಡು, ಅದರ ಮೇಲೆ ಕೈ ಇಟ್ಟು ಮಲಗಿದ್ದಳು. ಇವತ್ತು ಮೊದಲು ನಿದ್ದೆ ಹೋದವಳು ಅವಳೇ. ಮಾಳಿಗೆಯ ಅಂಚಿನಿಂದ ಉಳಿದ ನೀರು ಹೊರಗೆ ತೊಟ್ಟಿಕ್ಕುತ್ತಿತ್ತು.

‘ಎಬ್ಬಸ್ಲೇನ್ರಿ?’ ಎಂದೆ.

ನಮ್ಮವರು ಬಾಗಿಲಲ್ಲಿ ನಿಂತು ನೋಡಿದರು.

‘ಬ್ಯಾಡ ಬಿಡು. ಈಗರೆ ಮುದ್ದೇಬಿಹಾಳ ದಾಟ್ಯಾಳ.’

ನಾನು ಒಳಗಿನಿಂದ ಕೌದಿ ತಂದು ಅವಳ ಮೊಣಕಾಲ ಮೇಲೆ ಹಾಕಿದೆ.